ಹೊಯಿಗೆಯಲ್ಲಿ ಹೂತ ವ್ಯಾನು: ಪ್ರತಿಕ್ರಿಯೆ

ಬೇಕಲದ ಕಡಲ ಬದಿಯಲ್ಲಿ ವ್ಯಾನಿನ ಹಿಂದಿನ ಚಕ್ರ ಹೂತಿದೆ, ನಾಳೆ ರಾಣಿಪುರ ಬೆಟ್ಟಕ್ಕೆ ಹೋಗಬೇಕು ಅಂದಿದ್ದೀರಿ. ರಸ್ತೆಗೆಂದು ತುಂಬಿಸಿದ ಗಾಳಿಯಲ್ಲೇ ಹೊಯಿಗೆಗೆ ಇಳಿಸಿದ್ದು ಬಹುಶಃ ಕಾರಣ. ಗಟ್ಟಿ ಟಯರು ಮೇಲೆ ಹರಡಿಕೊಳ್ಳದೆ ಕೆಳಗೆ ಕೊರೆಯುತ್ತದೆ. ಇನ್ನು ಆಕ್ಸಿಲರೇಟರ್ ಒತ್ತಲೇಬೇಡಿ.

ಎಲ್ಲರೂ ಇಳಿಯಿರಿ, ನೀರಿನ ಟ್ಯಾಂಕ್ ಖಾಲಿ ಮಾಡಿ: 60 ಲೀಟರ್ ಅಂದರೆ 60 ಕಿಲೋ. ಟಯರುಗಳ ಗಾಳಿಯ ಒತ್ತಡ 20–22 ಪಿಎಸ್‌ಐಗೆ ಇಳಿಸಿ. ಚಕ್ರಗಳ ಹಿಂದೆ ಇಳಿಜಾರಾಗಿ ತೋಡಿ. ಆಕ್ಸಲ್ (ಎರಡು ಚಕ್ರಗಳ ನಡುವಿನ ಅಡ್ಡ ಸರಳು) ಹೊಯಿಗೆಗೆ ತಾಗಿದ್ದರೆ ಮೊದಲು ಅದನ್ನು ಬಿಡಿಸಿ, ಇಲ್ಲದಿದ್ದರೆ ಉಳಿದ ಕೆಲಸವೆಲ್ಲ ದಂಡ. ತೋಡಿದಲ್ಲಿ ತೆಂಗಿನ ಮಡಲನ್ನು ಟಯರಿಗೆ ಒತ್ತಿ ತುರುಕಿ, ಬಂದ ಜಾಡಿನಲ್ಲೇ ರಿವರ್ಸ್‌ನಲ್ಲಿ ನಿಧಾನ ತೆಗೆಯಿರಿ. ಮಡಲು ಚಿಮ್ಮುತ್ತದೆ, ಚಕ್ರದ ನೇರಕ್ಕೆ ಯಾರೂ ನಿಲ್ಲಬೇಡಿ. ನೀರು ಏರುತ್ತಿದ್ದರೆ ಕಾಯದೆ ಟ್ರ್ಯಾಕ್ಟರ್ ಕರೆಸಿ.

ರಸ್ತೆಗೆ ಬಂದ ಕೂಡಲೇ ಬಾಗಿಲ ಬದಿಯ ಚೀಟಿಯಲ್ಲಿರುವಷ್ಟು ಗಾಳಿ ತುಂಬಿಸಿ. ಮೆತ್ತಗಿನ ಟಯರಲ್ಲಿ ರಾಣಿಪುರದ ತಿರುವು ಹತ್ತಬೇಡಿ.