ಪ್ರಶ್ನೋತ್ತರ: ‘ಫ್ಯೂರಿಯಾ’ ನೋಡಿದವರು ಕೇಳಿದ್ದು

ಪ್ರಶ್ನೆ (ಡೊಂಬಿವಲಿಯ ಓದುಗರೊಬ್ಬರು): ಮಾನ್ಯರೇ, ಮಗಳ ಒತ್ತಾಯದಿಂದ ‘ಫ್ಯೂರಿಯಾ’ ಎಂಬ ನಾರ್ವೆಯ ಧಾರಾವಾಹಿಯನ್ನು ಮನೆಮಂದಿಯೆಲ್ಲ ಕುಳಿತು ನೋಡಿದೆವು. ವಲಸೆ ಬಂದವರನ್ನು ದ್ವೇಷಿಸುವ ಉಗ್ರ ಬಲಪಂಥೀಯರು ಬರ್ಲಿನ್ನಿನಲ್ಲಿ ದಾಳಿಗೆ ಸಂಚು ಹೂಡುತ್ತಾರೆ. ಅವರ ನಡುವೆ ಗುರುತು ಮರೆಸಿಕೊಂಡು ಸೇರಿದ ರಾಗ್ನಾ ಎಂಬಾಕೆ ಅದನ್ನು ತಡೆಯಲು ಹೆಣಗುತ್ತಾಳೆ. ಕಥೆ ಬಿಗಿಯಾಗಿದೆ. ಆದರೆ ಅಷ್ಟು ಸಿರಿವಂತ, ಶಾಂತ ದೇಶದಲ್ಲಿ ಇಂಥದ್ದು ನಡೆಯುತ್ತದೆಂದು ನಂಬುವುದು ಹೇಗೆ? ರೋಚಕತೆಗಾಗಿ ಹೆಣೆದದ್ದಲ್ಲವೇ?

ಉತ್ತರ: ಸಂಚಿನ ವಿವರಗಳನ್ನು ಕಲ್ಪಿಸಿಕೊಂಡಿದ್ದಾರೆ ಎಂಬುದು ನಿಜ. ಆದರೆ ಯೆರ್ಮುಂಡ್ ಎರಿಕ್ಸನ್ ರೂಪಿಸಿದ ಈ ಧಾರಾವಾಹಿ ತೆರೆಗೆ ಬಂದದ್ದು 2021ರಲ್ಲಿ, ಅಂದರೆ ನಾರ್ವೆ ತನ್ನ ನೆಲದ ಅತಿ ಘೋರ ಭಯೋತ್ಪಾದಕ ದಾಳಿಯ ಹತ್ತನೆಯ ವರ್ಷವನ್ನು ನೆನೆದುಕೊಂಡ ವರ್ಷದಲ್ಲಿಯೇ. ಅಲ್ಲಿಯ ಪ್ರೇಕ್ಷಕರಿಗೆ ಇಂಥ ಕಥೆಯನ್ನು ನಂಬಲು ಯಾರ ಸಹಾಯವೂ ಬೇಕಿರಲಿಲ್ಲ.

2011ರ ಜುಲೈ 22ರ ಮಧ್ಯಾಹ್ನ 3 ಗಂಟೆ 25 ನಿಮಿಷಕ್ಕೆ ಓಸ್ಲೋದ ಸರ್ಕಾರಿ ಕಚೇರಿಗಳ ಆವರಣದಲ್ಲಿ, ರಸಗೊಬ್ಬರದಿಂದ ತಯಾರಿಸಿದ ಬಾಂಬನ್ನು ಹೊತ್ತ ವ್ಯಾನೊಂದು ಸಿಡಿದು 8 ಮಂದಿ ಸತ್ತರು. ಅದನ್ನು ಅಲ್ಲಿ ನಿಲ್ಲಿಸಿದವನು ಓಸ್ಲೋದಲ್ಲೇ ಬೆಳೆದ ನಾರ್ವೆಯವನು. ಗೊಬ್ಬರ ಕೊಳ್ಳುವಾಗ ಯಾರಿಗೂ ಸಂಶಯ ಬಾರದಿರಲೆಂದು ಅವನು ಹಳ್ಳಿಯಲ್ಲಿ ಒಂದು ತೋಟದ ಮನೆಯನ್ನೇ ಬಾಡಿಗೆಗೆ ಹಿಡಿದಿದ್ದ. ಸ್ಫೋಟದ ನಂತರ ಪೊಲೀಸರ ಉಡುಪಿನಲ್ಲಿ ಉಟೋಯಾ ಎಂಬ ಪುಟ್ಟ ದ್ವೀಪಕ್ಕೆ ಹೋಗಿ, ಆಡಳಿತ ಪಕ್ಷದ ಯುವಸಂಘಟನೆಯ ಬೇಸಿಗೆ ಶಿಬಿರದಲ್ಲಿದ್ದ 69 ಮಂದಿಯನ್ನು ಕೊಂದ. ಅವರಲ್ಲಿ ಹೆಚ್ಚಿನವರು ಹದಿಹರೆಯದವರು. ವಲಸಿಗರಿಗೆ, ಅದರಲ್ಲೂ ಮುಸಲ್ಮಾನರಿಗೆ, ದೇಶದ ಬಾಗಿಲು ತೆರೆದ ಪಕ್ಷದ ಮುಂದಿನ ಪೀಳಿಗೆಯನ್ನೇ ಇಲ್ಲವಾಗಿಸಬೇಕೆಂಬುದು ಅವನ ಲೆಕ್ಕಾಚಾರವಾಗಿತ್ತು.

ಅದು ಮೊದಲನೆಯದೂ ಅಲ್ಲ, ಕೊನೆಯದೂ ಆಗಲಿಲ್ಲ. 2001ರ ಜನವರಿಯಲ್ಲಿ ಓಸ್ಲೋದ ಹೊಲ್ಮ್ಲಿಯಾ ಬಡಾವಣೆಯಲ್ಲಿ ಬೆಂಜಮಿನ್ ಹರ್ಮಾನ್ಸೆನ್ ಎಂಬ 15 ವರ್ಷದ ಹುಡುಗನನ್ನು ನವನಾಜಿಗಳು ಇರಿದು ಕೊಂದಿದ್ದರು. ಅವನ ತಂದೆ ಘಾನಾ ಮೂಲದವರು, ತಾಯಿ ನಾರ್ವೆಯವರು. 2019ರ ಆಗಸ್ಟ್ 10ರಂದು ಓಸ್ಲೋದ ಪಕ್ಕದ ಬೇರುಮ್‌ನಲ್ಲಿ ಯುವಕನೊಬ್ಬ ಚೀನಾದಿಂದ ದತ್ತು ತಂದಿದ್ದ ತನ್ನ ಮಲತಂಗಿಯನ್ನು ಮನೆಯಲ್ಲಿ ಕೊಂದು, ಬಂದೂಕು ಹಿಡಿದು ಮಸೀದಿಗೆ ನುಗ್ಗಿದ. ಅಲ್ಲಿ ಅವನನ್ನು ಕೆಡವಿ ಹಿಡಿದದ್ದು 65 ವರ್ಷದ, ಪಾಕಿಸ್ತಾನದ ವಾಯುಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರು.

ಬರ್ಲಿನ್ನನ್ನು ಕಥೆಯೊಳಗೆ ತಂದದ್ದೂ ಸುಮ್ಮನೆ ಅಲ್ಲ. ಜರ್ಮನಿಯಲ್ಲಿ ನವನಾಜಿಗಳ ಒಂದು ಸಣ್ಣ ತಂಡ 2000ದಿಂದ 2007ರ ನಡುವೆ ಹತ್ತು ಮಂದಿಯನ್ನು ಕೊಂದಿತು. ಅವರಲ್ಲಿ ಒಂಬತ್ತು ಮಂದಿ ಟರ್ಕಿ ಅಥವಾ ಗ್ರೀಸ್ ಮೂಲದವರು, ಹೂವು ಮಾರಿಯೋ, ತಿಂಡಿಯಂಗಡಿ ಇಟ್ಟುಕೊಂಡೋ ಬದುಕಿದ್ದಂಥವರು; ಹತ್ತನೆಯವರು ಒಬ್ಬ ಮಹಿಳಾ ಪೊಲೀಸ್. ತನಿಖೆಗೆ ಬಂದವರು ಸತ್ತವರ ಹೆಂಡತಿ ಮಕ್ಕಳನ್ನೇ ವರ್ಷಗಟ್ಟಲೆ ಸಂಶಯದಿಂದ ಪ್ರಶ್ನಿಸಿದರು. ಸತ್ಯ ಹೊರಬಿದ್ದದ್ದು 2011ರ ನವೆಂಬರಿನಲ್ಲಿ. ಈ ಪ್ರಕರಣವನ್ನು ಓದಿದಾಗಲೆಲ್ಲ ನನ್ನನ್ನು ಹೆಚ್ಚು ಕಲಕುವುದು ಆ ಮನೆಗಳವರು ಗಂಡನನ್ನೋ ತಂದೆಯನ್ನೋ ಕಳೆದುಕೊಂಡ ಮೇಲೂ ಹೊತ್ತು ನಡೆಯಬೇಕಾಗಿ ಬಂದ ಆ ಕಳಂಕ.

ಧಾರಾವಾಹಿ ಎಲ್ಲಿ ಹಿಗ್ಗಿಸಿ ಹೇಳುತ್ತದೆ ಎಂದು ಕೇಳಿದರೆ, ಸಂಚುಗಾರರ ಜಾಣ್ಮೆಯಲ್ಲಿ ಎನ್ನುತ್ತೇನೆ. ತೆರೆಯ ಮೇಲೆ ಎಲ್ಲವೂ ದೂರದಲ್ಲಿ ಕುಳಿತವರ ಚದುರಂಗದಾಟದಂತೆ ಕಾಣುತ್ತದೆ. ಉಟೋಯಾದ ಕೊಲೆಗಾರ ಒಬ್ಬಂಟಿಯಾಗಿದ್ದ, ಮತ್ತು ಅವನಿಗೆ ದಾರಿ ಸುಗಮವಾದದ್ದು ಬಹುಪಾಲು ಸಾಮಾನ್ಯ ಅಸಡ್ಡೆಯಿಂದ. ವಕೀಲೆ ಅಲೆಕ್ಸಾಂಡ್ರಾ ಬೆಕ್ ಯೋರ್ವ್ ಅವರ ಅಧ್ಯಕ್ಷತೆಯ ಆಯೋಗ 2012ರ ಆಗಸ್ಟಿನಲ್ಲಿ ಕೊಟ್ಟ ವರದಿ ಇದನ್ನು ಮುಲಾಜಿಲ್ಲದೆ ಬರೆದಿದೆ. ಸರ್ಕಾರಿ ಕಚೇರಿಗಳ ಮುಂದಿನ ರಸ್ತೆಯನ್ನು ವಾಹನಗಳಿಗೆ ಮುಚ್ಚಬೇಕೆಂದು ವರ್ಷಗಳ ಹಿಂದೆಯೇ ತೀರ್ಮಾನವಾಗಿತ್ತು; ಅದು ಜಾರಿಗೆ ಬಂದಿರಲಿಲ್ಲ. ಸ್ಫೋಟವಾಗಿ ಹತ್ತೇ ನಿಮಿಷದಲ್ಲಿ ದಾರಿಹೋಕರೊಬ್ಬರು, ಪೊಲೀಸ್ ಉಡುಪಿನವನೊಬ್ಬ ಪಿಸ್ತೂಲು ಹಿಡಿದು ವಾಹನ ಹತ್ತಿದ್ದನ್ನು ಕಂಡು, ಅದರ ನಂಬರನ್ನು ಫೋನಿನಲ್ಲಿ ಪೊಲೀಸರಿಗೆ ತಿಳಿಸಿದ್ದರು. ಆ ನಂಬರು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಬಿದ್ದಿದ್ದಾಗ ಅವನು ದ್ವೀಪದ ದಾರಿಯಲ್ಲಿದ್ದ. ಯಾವ ಧಾರಾವಾಹಿಯ ಖಳನಾಯಕನಿಗಿಂತಲೂ ನನಗೆ ಆ ಚೀಟಿ ಭಯಾನಕವಾಗಿ ಕಾಣುತ್ತದೆ.

ಪೋಲ್ ಸ್ವೆರ್ರೆ ಹಾಗೆನ್ ಅಭಿನಯಿಸಿದ ಆಸ್ಗೇರ್ ಎಂಬ ಪೊಲೀಸ್ ಮಗಳೊಂದಿಗೆ ನೆಲೆಸಲು ಬರುವ ಆ ಬೆಟ್ಟದ ಊರನ್ನು ಮಾತ್ರ ಬಹಳ ನಂಬಿಕೆಯಿಂದ ಚಿತ್ರಿಸಿದ್ದಾರೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ‘ಹೊರಗಿನವರು’ ಎಂಬ ಮಾತು ಹೇಗೆ ಮೆಲ್ಲನೆ ಬಲಿಯುತ್ತದೆ ಎಂಬುದನ್ನು ಮುಂಬೈ ಕನ್ನಡಿಗರಿಗೆ ನಾರ್ವೆಯವರು ಬಂದು ಕಲಿಸಬೇಕಾಗಿಲ್ಲ. 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ವಿರುದ್ಧ ಈ ನಗರದಲ್ಲಿ ಚಳವಳಿ ಎದ್ದಾಗ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದದ್ದನ್ನು, ಉಟ್ಟ ಲುಂಗಿಯೇ ಹೀಯಾಳಿಕೆಯ ಗುರುತಾದದ್ದನ್ನು ಮಾಟುಂಗಾದ ಹಿರಿಯರು ಇಂದಿಗೂ ಹೇಳುತ್ತಾರೆ. ಆ ಕಲ್ಲನ್ನೂ ಉಟೋಯಾದ ಗುಂಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ನಾನು ತೂಗುವುದಿಲ್ಲ. ಆದರೆ ನಮ್ಮ ಅನ್ನವನ್ನು ಇವರು ಕಸಿದರು, ಇವರು ತೊಲಗಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ವಾದದ ಮೊದಲ ವಾಕ್ಯಗಳು ಎರಡು ಕಡೆಯೂ ಒಂದೇ ಆಗಿರುವುದರಿಂದ, ಆ ಧಾರಾವಾಹಿಯನ್ನು ದೂರದ ದೇಶದ ಕಥೆಯೆಂದು ನೋಡಲು ನನಗಂತೂ ಸಾಧ್ಯವಾಗಲಿಲ್ಲ.

ಪ್ರಶ್ನೆ (ಪುಣೆಯ ಕಾಲೇಜು ವಿದ್ಯಾರ್ಥಿನಿ): ಭಯೋತ್ಪಾದಕರ ಬಗ್ಗೆ ಧಾರಾವಾಹಿ, ಸಿನಿಮಾ ತೆಗೆದಷ್ಟೂ ಕೊಲೆಗಾರರು ಬಯಸಿದ ಪ್ರಚಾರವನ್ನೇ ಅವರಿಗೆ ಕೊಟ್ಟಂತಾಗುವುದಿಲ್ಲವೇ?

ಉತ್ತರ: ಆಗುತ್ತದೆ, ಎಚ್ಚರ ತಪ್ಪಿದರೆ. ಉಟೋಯಾದ ಕೊಲೆಗಾರ ದಾಳಿಗೆ ಸ್ವಲ್ಪ ಮೊದಲು ಸುಮಾರು 1,500 ಪುಟಗಳ ದ್ವೇಷದ ಬರಹವನ್ನು ಇಮೇಲಿನಲ್ಲಿ ಹಂಚಿದ್ದ. ಕೊಲೆಯನ್ನು ಅದರ ಜಾಹೀರಾತೆಂದೇ ಅವನು ಭಾವಿಸಿದ್ದ. 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಮಂದಿಯನ್ನು ಕೊಂದವನು ಅವನನ್ನು ಹೆಸರಿಸಿ ಹೊಗಳಿದ್ದ, ಬೇರುಮ್‌ನ ಯುವಕ ಕ್ರೈಸ್ಟ್‌ಚರ್ಚ್‌ನವನನ್ನು ಹೊಗಳಿದ್ದ. ಇಂಥ ಪ್ರಚಾರ ಸಿಗಬಾರದೆಂದೇ ಕ್ರೈಸ್ಟ್‌ಚರ್ಚ್ ದಾಳಿಯ ಬೆನ್ನಲ್ಲೇ ನ್ಯೂಜಿಲೆಂಡಿನ ಅಂದಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಕೊಲೆಗಾರನ ಹೆಸರನ್ನು ತಾವು ಎಂದೂ ಉಚ್ಚರಿಸುವುದಿಲ್ಲವೆಂದು ಸಂಸತ್ತಿನಲ್ಲಿ ಘೋಷಿಸಿದರು. ಈ ಅಂಕಣದಲ್ಲಿಯೂ ಅಂಥ ಹೆಸರುಗಳನ್ನು ಬರೆಯುವುದಿಲ್ಲ.

ನಾರ್ವೆಯವರು ಈ ಕುರಿತು ಆಳವಾಗಿ ಯೋಚಿಸಿದ್ದಾರೆ. ಎರಿಕ್ ಪೊಪ್ಪೆ ಅವರು 2018ರಲ್ಲಿ ಉಟೋಯಾದ ಬಗ್ಗೆ ತೆಗೆದ ಚಿತ್ರದಲ್ಲಿ ದಾಳಿ ನಡೆದಷ್ಟೇ ಹೊತ್ತು, ಅಂದರೆ 72 ನಿಮಿಷ, ಕ್ಯಾಮೆರಾ ನಿಲ್ಲದೆ ಒಬ್ಬ ಹುಡುಗಿಯ ಜೊತೆಗೇ ಓಡುತ್ತದೆ. ಕೊಲೆಗಾರ ದೂರದ ನೆರಳಿಗಿಂತ ಹೆಚ್ಚಾಗಿ ಕಾಣುವುದಿಲ್ಲ. 2020ರಲ್ಲಿ ಅಲ್ಲಿಯ ಸಾರ್ವಜನಿಕ ವಾಹಿನಿ ಎನ್‌ಆರ್‌ಕೆ ಅದೇ ದಿನದ ಬಗ್ಗೆ ಪ್ರಸಾರ ಮಾಡಿದ ಆರು ಕಂತುಗಳ ಧಾರಾವಾಹಿ ಪತ್ರಕರ್ತೆ, ವೈದ್ಯೆ, ಶಿಕ್ಷಕಿ, ಪೊಲೀಸರಂಥವರ ಬದುಕನ್ನು ಹಿಡಿದು ಸಾಗುತ್ತದೆ. ‘ಫ್ಯೂರಿಯಾ’ದ ಬಗ್ಗೆ ನನ್ನ ಆಕ್ಷೇಪವಿರುವುದು ಇಲ್ಲಿಯೇ: ಸಂಚು ಹೂಡುವವರಿಗೆ ಕೊಟ್ಟಷ್ಟು ಸಮಯವನ್ನು ಅದು ಗುರಿಯಾಗುವವರಿಗೆ ಕೊಡುವುದಿಲ್ಲ. ರಾಗ್ನಾ ಆಗಿ ಇನೆ ಮಾರಿ ವಿಲ್ಮನ್ ಅವರ ಅಭಿನಯ ಎಷ್ಟೇ ಸಮರ್ಥವಾಗಿದ್ದರೂ ಆ ಕೊರತೆ ತುಂಬುವುದಿಲ್ಲ.

ಉಟೋಯಾದ ಎದುರು ದಡದ ಶಿಬಿರತಾಣದಲ್ಲಿ ರಜೆ ಕಳೆಯುತ್ತಿದ್ದವರು ಗುಂಡಿನ ಸದ್ದು ಕೇಳುತ್ತಿರುವಾಗಲೇ ತಮ್ಮ ಪುಟ್ಟ ದೋಣಿಗಳನ್ನು ಸರೋವರಕ್ಕಿಳಿಸಿ, ಈಜಿ ಬರುತ್ತಿದ್ದ ಮಕ್ಕಳನ್ನು ಎತ್ತಿಕೊಂಡರು. ಇದನ್ನು ಓದಿದಾಗ ನನಗೆ 2008ರ ನವೆಂಬರ್ 26ರ ರಾತ್ರಿ ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ ತಮ್ಮ ಕೋಣೆ ಬಿಟ್ಟು ಕದಲದೆ, ಯಾವ ಬಾಗಿಲಿನಿಂದ ಹೊರಹೋಗಬೇಕೆಂದು ಪ್ರಯಾಣಿಕರಿಗೆ ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಿದ್ದ ರೈಲ್ವೆ ಉದ್ಘೋಷಕರು ನೆನಪಾಗುತ್ತಾರೆ. ಅಂಥವರನ್ನು ಕಥೆಯ ನಡುವಿಗೆ ತಂದ ಧಾರಾವಾಹಿಯಿಂದ ಕೊಲೆಗಾರನಿಗೆ ಯಾವ ಪ್ರಚಾರವೂ ಸಿಗಲಾರದು.

ಪ್ರಶ್ನೆ (ವಾಸ್ಕೋದ ಓದುಗರೊಬ್ಬರು): ಹದಿನಾಲ್ಕು ವರ್ಷದ ಮಗ ಇದನ್ನು ನೋಡಬೇಕೆಂದು ಹಟ ಹಿಡಿದಿದ್ದಾನೆ. ಬಿಡಬಹುದೇ?

ಉತ್ತರ: ಒಬ್ಬನೇ ನೋಡಲು ಬಿಡಬೇಡಿ, ಅಮ್ಮ. ಹಿಂಸೆಯ ದೃಶ್ಯಗಳಿವೆ, ಇನ್ನೊಂದೆರಡು ವರ್ಷ ಕಾಯುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಅಷ್ಟರೊಳಗೆ ಅವನಿಗೆ ಉಟೋಯಾದ ಇಂದಿನ ಸಂಗತಿಯನ್ನು ಹೇಳಿ. ಅಂದು 13 ಮಂದಿ ಸತ್ತ ಅಲ್ಲಿಯ ಉಪಾಹಾರ ಗೃಹವನ್ನು ಕೆಡವದೆ, ಅದರ ಸುತ್ತ ಹೊಸ ಕಟ್ಟಡವೊಂದನ್ನು ಕಟ್ಟಿದ್ದಾರೆ. ಒಳಗೆ ಮಾಡನ್ನು ಹೊತ್ತಿರುವ ಮರದ ಕಂಬಗಳು 69, ದ್ವೀಪದಲ್ಲಿ ಸತ್ತವರ ಲೆಕ್ಕಕ್ಕೆ. ಹೊರಸುತ್ತಿನಲ್ಲಿ ಬೇಲಿಯಂತೆ ನಿಂತ ಕಂಬಗಳು 495, ಬದುಕಿ ಉಳಿದವರ ಲೆಕ್ಕಕ್ಕೆ. ನಿಮ್ಮ ಮಗನ ವಯಸ್ಸಿನ ಶಾಲಾಮಕ್ಕಳು ಅಲ್ಲಿಗೆ ಬಂದು, ಆ ಕಂಬಗಳ ನಡುವೆ ಕುಳಿತು, ಪ್ರಜಾಪ್ರಭುತ್ವದ ಬಗ್ಗೆ ತಮ್ಮತಮ್ಮಲ್ಲಿ ವಾದಿಸಿ ಹೋಗುತ್ತಾರೆ.