ಸಂಪಾದಕರ ಉತ್ತರ: ಫ್ಯಾನ್ ಆರಿಸಿದವರದು ಯಾವ ಪಕ್ಷ?

ಮಾನ್ಯರೇ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಕಳೆದ ಸಂಚಿಕೆಯಲ್ಲಿ ಬಂದ ವಿದ್ಯುತ್ ಉಳಿತಾಯದ ಲೇಖನ ನಿಮ್ಮ ಮನೆಯಲ್ಲಿ ಜಗಳಕ್ಕೆ ಕಾರಣವಾಯಿತೆಂದು ಬರೆದಿದ್ದೀರಿ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುತ್ತಿದ್ದ ಫ್ಯಾನನ್ನು ಆರಿಸಲು ಮಗನಿಗೆ ಹೇಳಿದಿರಿ. ‘ಗೃಹಜ್ಯೋತಿ ಕೊಟ್ಟ ಸರ್ಕಾರದ ಮೇಲಿನ ಸಿಟ್ಟನ್ನು ಫ್ಯಾನಿನ ಮೇಲೆ ತೀರಿಸಿಕೊಳ್ಳುತ್ತೀರಿ’ ಎಂದು ಅವನು ತಿರುಗಿ ಹೇಳಿದ. ಮರುದಿನ ವಾಯುವಿಹಾರದಲ್ಲಿ ಈ ಮಾತು ಎತ್ತಿದರೆ, ನಿಮ್ಮದೇ ಪಕ್ಷದ ಗೆಳೆಯರು ‘ಇದೆಲ್ಲ ಅಭಿವೃದ್ಧಿ ವಿರೋಧಿಗಳ ಉಪದೇಶ’ ಎಂದರು. ‘ಎರಡೂ ಕಡೆಯಿಂದ ಬೈಸಿಕೊಂಡೆ. ಉಳಿತಾಯಕ್ಕೂ ಪಕ್ಷವಿದೆಯೇ?’ ಎಂಬುದು ನಿಮ್ಮ ಪ್ರಶ್ನೆ.

ಇಲ್ಲ. ಹಾಗೆಂದು ಒಂದೇ ಪದದಲ್ಲಿ ಮುಗಿಸಲು ಮನಸ್ಸು ಬರುತ್ತಿಲ್ಲ.

ಮೊದಲು ನಿಮ್ಮ ಮಗನ ಮಾತು. 2023ರಲ್ಲಿ ಗೃಹಜ್ಯೋತಿ ಬಂದಾಗ 200 ಯೂನಿಟ್‌ವರೆಗೆ ಉಚಿತ ಎಂಬುದಷ್ಟೇ ಎಲ್ಲರ ಕಿವಿಗೆ ಬಿತ್ತು. ನಿಯಮ ಅಷ್ಟು ಸಲೀಸಲ್ಲ. 2022–23ರಲ್ಲಿ ನೀವು ತಿಂಗಳಿಗೆ ಸರಾಸರಿ 60 ಯೂನಿಟ್ ಬಳಸಿದ್ದರೆ, ಅದಕ್ಕೆ ಶೇ 10 ಸೇರಿಸಿ 66 ಯೂನಿಟ್ ಮಾತ್ರ ಉಚಿತ. ಅದನ್ನು ಮೀರಿದ್ದಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ. ಯೋಜನೆಯನ್ನು ಮೆಚ್ಚುವವರೇ ಸ್ವಿಚ್ಚಿನ ಕಡೆ ಹೆಚ್ಚು ಗಮನ ಇಡಬೇಕಾದ ಹಾಗಿದೆ ಇದರ ಲೆಕ್ಕ. ಉಚಿತವಾಗಿ ಉರಿದ ಪ್ರತಿ ಯೂನಿಟ್ಟಿಗೂ ಖಜಾನೆಯಿಂದ ವಿದ್ಯುತ್ ಕಂಪನಿಗೆ ಹಣ ಹೋಗುತ್ತದೆ. ಯೋಜನೆ ಬಾಳಬೇಕು ಎನ್ನುವವರಿಗೆ ಆ ಹೊರೆ ಹಗುರಾಗುವುದು ಬೇಕು. ಉಚಿತ ಯೋಜನೆಯೇ ತಪ್ಪು ಎನ್ನುವ ನಿಮಗೆ, ನೀವು ಕಟ್ಟಿದ ತೆರಿಗೆ ಖಾಲಿ ಕೋಣೆಯಲ್ಲಿ ತಿರುಗುವುದು ಬೇಡ. ಅಪ್ಪ, ಮಗ ಬೇರೆ ಬೇರೆ ದಾರಿ ಹಿಡಿದು ಬಂದರೂ ಸ್ವಿಚ್ಚಿರುವ ಒಂದೇ ಗೋಡೆಯ ಮುಂದೆ ನಿಲ್ಲುತ್ತೀರಿ.

ಗೆಳೆಯರಿಗೆ ಒಂದು ವಿಷಯ ನೆನಪಿಸಿ. ನಮ್ಮ ದೇಶದ ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ, ವಾಜಪೇಯಿ ಸರ್ಕಾರದ ಕಾಲದಲ್ಲಿ. ಆ ಕಾಯ್ದೆಯಡಿ ಹುಟ್ಟಿದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ, ಫ್ರಿಜ್ಜಿನಂಥ ಉಪಕರಣ ಎಷ್ಟು ಮಿತವಾಗಿ ವಿದ್ಯುತ್ ಬಳಸುತ್ತದೆ ಎಂದು ತೋರಿಸುವ ನಕ್ಷತ್ರ ಗುರುತಿನ ಚೀಟಿಯನ್ನು ತಂದಾಗ ಪ್ರಧಾನಿಯಾಗಿದ್ದವರು ಮನಮೋಹನ ಸಿಂಗ್. 2015ರಲ್ಲಿ ಎಲ್‌ಇಡಿ ಬಲ್ಬುಗಳನ್ನು ಅಗ್ಗದ ಬೆಲೆಗೆ ಮನೆಮನೆಗೆ ಮುಟ್ಟಿಸುವ ಕೆಲಸ ಆರಂಭಿಸಿದ್ದು ಮೋದಿ ಸರ್ಕಾರ. ಕರ್ನಾಟಕದಲ್ಲಿ ಸಿದ್ದರಾಮಯ್ಯ ಸರ್ಕಾರ ಅದನ್ನೇ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಹಂಚಿತು. ಸಂಸತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡದವರೂ ಈ ವಿಷಯದಲ್ಲಿ ಒಬ್ಬರು ಬಿಟ್ಟ ಎಳೆಯನ್ನು ಇನ್ನೊಬ್ಬರು ಹಿಡಿದು ಮುಂದುವರಿಸಿದ್ದಾರೆ. ನನಗೆ ಇದು ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಇನ್ನು ನಮ್ಮ ಮನೆಯ ಒಂದು ಸಂಗತಿ. ಹೊಸ ಮೀಟರಿನ ಮುಖದ ಮೇಲೆ ಸಣ್ಣ ಕೆಂಪು ದೀಪ ಮಿನುಗುವುದನ್ನು ನೀವೂ ನೋಡಿರುತ್ತೀರಿ. ನಮ್ಮ ಮೀಟರಿನಲ್ಲಿ ಅದರ ಪಕ್ಕ 3200 ಎಂದು ಬರೆದಿದೆ. 3200 ಸಲ ಮಿನುಗಿದರೆ ಒಂದು ಯೂನಿಟ್. ಒಂದು ರಾತ್ರಿ ಎಲ್ಲ ದೀಪ, ಫ್ಯಾನು ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತು, ಕತ್ತಲಲ್ಲಿ ಮೀಟರಿನ ಮುಂದೆ ಕುಳಿತೆ. ಮಿನುಗಬಾರದಿತ್ತು. ಮಿನುಗಿತು! ಮತ್ತೆ ಎಪ್ಪತ್ತೈದು ಸೆಕೆಂಡಿಗೆ ಇನ್ನೊಂದು ಸಲ, ಮತ್ತೆ ಅಷ್ಟೇ ಹೊತ್ತಿಗೆ ಮಗದೊಂದು ಸಲ. ಲೆಕ್ಕ ಹಾಕಿದರೆ 15 ವ್ಯಾಟ್. ಮನೆಯೆಲ್ಲ ಹುಡುಕಿದ ಮೇಲೆ ಸಿಕ್ಕಿದ್ದು ಟಿವಿಯ ಸೆಟ್‌ಟಾಪ್ ಬಾಕ್ಸ್. ರಿಮೋಟಿನಲ್ಲಿ ಆರಿಸಿದ್ದೆವು, ಗೋಡೆಯ ಸ್ವಿಚ್ಚನ್ನು ಆರಿಸಿರಲಿಲ್ಲ. ದಿನದ ಇಪ್ಪತ್ನಾಲ್ಕು ಗಂಟೆಯೂ ಹಾಗೆ ಬಿಟ್ಟರೆ ತಿಂಗಳಿಗೆ ಹತ್ತು ಯೂನಿಟ್ ಮೇಲೆ. ಯಾರೂ ನೋಡದ ಟಿವಿಗಾಗಿ.

ಹಳೆಯ ಫ್ಯಾನಿನ ಲೆಕ್ಕ ಇನ್ನೂ ದೊಡ್ಡದು. ಅದು 75 ವ್ಯಾಟ್ ಎಳೆದರೆ, ಈಗ ಸಿಗುವ, ಕಡಿಮೆ ವಿದ್ಯುತ್ ಎಳೆಯುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಗಾಳಿಯಲ್ಲಿ ಕೊರತೆಯಿಲ್ಲ.

2023ರ ಮಳೆಗಾಲ ಕೈಕೊಟ್ಟಿದ್ದು ನೆನಪಿದೆಯಲ್ಲವೇ? ವಿದ್ಯುತ್ ತಯಾರಿಸಲು ಅಣೆಕಟ್ಟುಗಳಲ್ಲಿ ಸಾಕಷ್ಟು ನೀರಿರಲಿಲ್ಲ. ಅಕ್ಟೋಬರಿನಲ್ಲಿ ಪಂಪ್‌ಸೆಟ್‌ಗಳಿಗೆ ಏಳು ಗಂಟೆ ಕೊಡಬೇಕಿದ್ದ ತ್ರೀ ಫೇಸ್ ವಿದ್ಯುತ್ತು ಐದು ಗಂಟೆಗೆ ಇಳಿಯಿತು. ಒಣಗುತ್ತಿದ್ದ ಮೆಕ್ಕೆಜೋಳದ ಎದುರು ಕರೆಂಟಿಗಾಗಿ ಕಾದು ಕುಳಿತ ರೈತ ಯಾವ ಪಕ್ಷಕ್ಕೆ ಮತ ಹಾಕಿದ್ದನೋ, ತಂತಿಗೆ ಗೊತ್ತಿರಲಿಲ್ಲ. ಬೆಳಗ್ಗೆ ಊರೆಲ್ಲ ಒಟ್ಟಿಗೆ ಗೀಸರ್ ಹಾಕುವ ಹೊತ್ತು, ಸಂಜೆ ದೀಪ ಹಚ್ಚುವ ಹೊತ್ತು ಬೇಡಿಕೆ ಏರುತ್ತದೆ. ಆ ಹೊತ್ತಿನಲ್ಲಿ ಉಳಿಸಿದ್ದಕ್ಕೆ ಬೆಲೆ ಹೆಚ್ಚು. ನೀರು ಕಾದೊಡನೆ ಗೀಸರ್ ಆರಿಸುವುದು ಸಣ್ಣ ಕೆಲಸ. ಆದರೂ ನಗರದ ಲಕ್ಷಾಂತರ ಮನೆಗಳಲ್ಲಿ ಅದು ಆಗಬೇಕೆಂದು ನಾನು ಹಂಬಲಿಸುತ್ತೇನೆ.

ಸ್ವದೇಶಿಯ ಮಾತಾಡುವ ನಿಮ್ಮ ಗೆಳೆಯರಿಗೆ ಅಡುಗೆಮನೆಯನ್ನು ತೋರಿಸಿ. ದೇಶ ಬಳಸುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ, ಬಹುಪಾಲು ಕೊಲ್ಲಿ ದೇಶಗಳಿಂದ ಬರುತ್ತದೆ. ಕಡಲೆಯನ್ನು ರಾತ್ರಿಯೇ ನೆನೆಹಾಕಿ, ಕುಕ್ಕರ್ ಕೂಗಿದ ಮೇಲೆ ಉರಿ ಸಣ್ಣದು ಮಾಡುವ ಗೃಹಿಣಿ ಭಾಷಣವಿಲ್ಲದೆ ವಿದೇಶಿ ವಿನಿಮಯ ಉಳಿಸುತ್ತಾಳೆ.

ನನ್ನ ನಂಬಿಕೆಯನ್ನೂ ಮುಚ್ಚಿಡುವುದಿಲ್ಲ. ಕಲ್ಲಿದ್ದಲ ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ ಎಂಬುದು ನನ್ನನ್ನು ಕಾಡುವ ಚಿಂತೆ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲ ಗಣಿಯಿಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ಅದು ಬೇರೆ ರಾಜ್ಯಗಳಿಂದ ರೈಲಿನಲ್ಲಿ ಬರುತ್ತದೆ. ಒಂದು ಯೂನಿಟ್ಟಿಗೆ ಹೆಚ್ಚುಕಡಿಮೆ ಮುಕ್ಕಾಲು ಕಿಲೋ ಸುಡುತ್ತದೆ, ಬೂದಿ ಅಲ್ಲಿನ ಜನರ ಪಾಲಿಗೆ ಉಳಿಯುತ್ತದೆ. ಆದರೆ ನಿಮ್ಮ ಗೆಳೆಯರು ಇದನ್ನು ಒಪ್ಪಿದ ಮೇಲೆಯೇ ಫ್ಯಾನ್ ಆರಿಸಬೇಕೆಂದು ನಾನು ಷರತ್ತು ಹಾಕುವುದಿಲ್ಲ. ಅವರ ಕಾರಣ ಅವರಿಗಿರಲಿ.

ಒಂದು ಕಡೆ ಮಾತ್ರ ನಿಮ್ಮ ಆಕ್ಷೇಪವನ್ನು ಪೂರ್ತಿ ಒಪ್ಪುತ್ತೇನೆ. ‘ರಾತ್ರಿಯಿಡೀ ಉರಿಯುವ ಜಾಹೀರಾತು ಫಲಕಗಳನ್ನು ಬಿಟ್ಟು ನಮಗೇಕೆ ಬುದ್ಧಿ ಹೇಳುತ್ತೀರಿ?’ ಎಂದಿದ್ದೀರಿ. ಸರಿಯಾದ ಮಾತು. ಎರಡು ಬಲ್ಬು, ಒಂದು ಫ್ಯಾನು ಇರುವ ಮನೆಗೆ ಉಳಿತಾಯ ಬೋಧಿಸುವುದು ತಪ್ಪು. ನಮ್ಮ ಲೇಖನ ಅದನ್ನು ಸ್ಪಷ್ಟವಾಗಿ ಹೇಳಬೇಕಿತ್ತು. ಫಲಕಗಳ ಬಗ್ಗೆ ಬರೆಯುವುದು ನಮ್ಮ ಮೇಲಿನ ಋಣ.

ಈ ವಾರ ಒಂದು ರಾತ್ರಿ ಮಗನನ್ನು ಮೀಟರಿನ ಬಳಿಗೆ ಕರೆಯಿರಿ. ರಾಜಕೀಯ ಬೇಡ. ಎಲ್ಲವನ್ನೂ ಆರಿಸಿ, ಮೊಬೈಲಿನಲ್ಲಿ ಅವನು ಸಮಯ ನೋಡಲಿ, ನೀವು ಮಿನುಗು ಎಣಿಸಿ. ಎಷ್ಟು ಸೆಕೆಂಡಿಗೊಮ್ಮೆ ಬಂತು, ಹುಡುಕಿದಾಗ ಏನು ಸಿಕ್ಕಿತು ಎಂದು ಇಬ್ಬರೂ ಸಹಿ ಹಾಕಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

— ಸಂಪಾದಕ