ಟ್ರಂಕಲ್ಲಿದ್ದ ಪರಾಕ್ರಮ ಪದಕ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದು ಅಂತ ಊರು, ಪಲ್ಟನ್, ವಯಸ್ಸು ಎಲ್ಲಾ ಬದಲಾಯಿಸಿದ್ದೀನಿ, ಮನೆಯವರ ಒಪ್ಪಿಗೆ ತಗೊಂಡೇ ಬರೀತಿರೋದು. ಬೆಳಗಾವಿ ಕಡೆಯ ರಿಟೈರ್ಡ್ ಹವಾಲ್ದಾರ್ ಅಂತ ಇಟ್ಕೊಳ್ಳಿ, 1999ರಲ್ಲಿ ಕಾರ್ಗಿಲ್‌ನಲ್ಲಿ ಶೆಲ್ ಬಿದ್ದು ತೊಡೆಗೆ ಸ್ಪ್ಲಿಂಟರ್ ಹೊಕ್ಕಿದ್ದವರು.

ಕರ್ಕೊಂಡು ಬಂದಿದ್ದು ಹೆಂಡತಿ. ಆಗಿದ್ದೇನಂದ್ರೆ ಮಗ ಅಪ್ಪನ ಮೆಡಲ್‌ಗಳನ್ನೆಲ್ಲ ಟ್ರಂಕಿಂದ ತೆಗೆದು ಗ್ಲಾಸ್ ಫ್ರೇಮ್ ಹಾಕ್ಸಿ ಹಾಲ್‌ನಲ್ಲಿ ನೇತುಹಾಕಿ, "ನಮ್ಮಪ್ಪ ಶೌರ್ಯ ಪ್ರಶಸ್ತಿ ವಿಜೇತ" ಅಂತ ವಾಟ್ಸಾಪ್ ಸ್ಟೇಟಸ್ಸೂ ಹಾಕಿದ್ದ, ಅಪ್ಪ ನೋಡಿದವರೇ ಫ್ರೇಮ್ ಒಡೆದು ಒಂದೇ ಒಂದು ಮೆಡಲ್ ಕಿತ್ಕೊಂಡು ಒಳಗೆ ಹೋದ್ರಂತೆ, ಅವತ್ತಿಂದ ಮಗನ ಜೊತೆ ಮಾತಿಲ್ಲ. ಬಿಳಿ ರಿಬ್ಬನ್, ನಡುವೆ ಕೆಂಪು ಪಟ್ಟಿ. ಪರಾಕ್ರಮ ಪದಕ ಅದು, ಶತ್ರುವಿನ ನೇರ ದಾಳಿಯಲ್ಲಿ ಗಾಯ ಆದವರಿಗೆ ಕೊಡೋದು, ವೀರಚಕ್ರ ಸೇನಾ ಮೆಡಲ್ ಥರ ಶೌರ್ಯಕ್ಕೆ ಅಂತಲ್ಲ. ಊರಲ್ಲಿ ಇದೆಲ್ಲ ಯಾರಿಗೆ ಗೊತ್ತು!

"ನಾ ಏನ್ ಮಾಡೀನ್ರಿ ಮೇಡಂ, ಶೆಲ್ ಬಿತ್ತು, ನನಗ ತಾಕ್ತು. ಬಾಜೂಕ ಇದ್ದಾವ ಮನಿಗೆ ಬರ್ಲಿಲ್ಲ, ನಾ ಮೆಡಲ್ ಹಾಕ್ಕೊಂಡ್ ಬಂದೆ. ಅದನ್ನ ಗ್ವಾಡಿಗೆ ಹಾಕಿ ಮಂದಿಗೆ ಹ್ಯಾಂಗ್ ತೋರಿಸ್ಲಿ?" ಇಷ್ಟು ಹೇಳಿ ಸುಮ್ನಾದ್ರು. ದೀಪಾವಳಿ ಪಟಾಕಿ ಶುರುವಾದ್ರೆ ಹೊಲದ ಮನೆಗೆ ಹೋಗಿ ಮಲಗ್ತಾರಂತೆ, ಇಷ್ಟು ವರ್ಷ ಆದ್ಮೇಲೂ.

ಹೆಂಡತಿ ಜೊತೆ ಬೇರೆಯಾಗಿ ಕೂತಾಗ ಇನ್ನೊಂದೇ ವಿಷಯ ಹೊರಗೆ ಬಂತು. ಪ್ರತಿ ಖಂಡೇನವಮಿಗೆ ಗಂಡ ಇಲ್ಲದ ಹೊತ್ತು ನೋಡಿ ಟ್ರಂಕ್ ತೆಗೆದು ಆ ಮೆಡಲ್ ಒರೆಸಿ ಕುಂಕುಮ ಹಚ್ಚಿ ಮತ್ತೆ ಸುತ್ತಿಡ್ತಿದ್ರಂತೆ. ರಿಬ್ಬನ್ನಿನ ಬಿಳಿ ಭಾಗದಲ್ಲಿ ತಿಳಿಗೆಂಪು ಕಲೆ ಇದೆ, ನಾನೇ ನೋಡಿದೆ, ಗಂಡ ಅದನ್ನ ತುಕ್ಕು ಅಂದ್ಕೊಂಡಿದ್ರು. "ಕೀವು ಬಂದಾಗ ರಾತ್ರಿಯೆಲ್ಲಾ ಎದ್ದು ಕುಂತಾಕಿ ನಾನರಿ, ಅದರಾಗ ನಂದೂ ಪಾಲು ಐತಿ." ಈ ಮಾತನ್ನ ಗಂಡನ ಎದುರಿಗೇ ಹೇಳಿ ಅಂತ ನಾನು ಒತ್ತಾಯ ಮಾಡಿದೆ, ಹೇಳಿದ್ರು, ಅವರು ತುಂಬಾ ಹೊತ್ತು ರಿಬ್ಬನ್ ತಿರುಗಿಸಿ ತಿರುಗಿಸಿ ನೋಡಿದ್ರು.

ಸಲಹೆ ಅಂತ ಕೊಟ್ಟಿದ್ದು ಇಷ್ಟು. ಮೆಡಲ್ ತೋರಿಸೋದು ಬಿಡೋದು ಅವರಿಷ್ಟ, ಆದ್ರೆ ತೀರಿಹೋದ ಗೆಳೆಯನ ಬಗ್ಗೆ ಹೆಂಡತಿ ಹತ್ರ ಆದ್ರೂ ಮಾತಾಡ್ಬೇಕು, ಇಪ್ಪತ್ತು ವರ್ಷದ ಮೇಲಾದ್ರೂ ಮನೇಲಿ ಆತನ ಹೆಸರೇ ಎತ್ತಿಲ್ಲ. ಅವನ ಮನೆಯವರನ್ನ ನೋಡ್ಬೇಕು ಅನ್ನೋ ಆಸೆ ಇದೆ, ದಿಢೀರ್ ಅಂತ ಹೋಗೋದು ಬೇಡ, ಮೊದಲು ಫೋನ್ ಮಾಡಿ ಅಂದೆ. ನಿದ್ದೆ, ಪಟಾಕಿ ಭಯಕ್ಕೆ ಸೈಕಿಯಾಟ್ರಿಸ್ಟ್ ನೋಡ್ಲೇಬೇಕು, ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ಇದೆ, ರಾತ್ರಿ ತಡಕೊಳ್ಳೋಕೆ ಆಗ್ದಿದ್ರೆ 14416 ನಂಬರಿನ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ಬಹುದು. ಕಾಲು ವಾಸಿಯಾಯ್ತಲ್ಲ ಇನ್ನೇನು ಅಂತ ವಾದ ಮಾಡಿದ್ರು. ಅಮೆರಿಕದಲ್ಲಿ ಗಾಯಗೊಂಡ ಸೈನಿಕರಿಗೆ ಕೊಡೋ ಪರ್ಪಲ್ ಹಾರ್ಟ್ ಮೆಡಲ್ ಕೂಡ ಪಿಟಿಎಸ್‌ಡಿಗೆ, ಅಂದ್ರೆ ಯುದ್ಧದಂಥ ಆಘಾತದಿಂದ ಮನಸ್ಸಿಗೆ ಆಗೋ ಕಾಯಿಲೆಗೆ, ಕೊಡಲ್ಲ ಅಂತ 2009ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಪೆಂಟಗನ್ನೇ ಹೇಳ್ತು, ಮೆಡಲ್ ಕೊಡ್ಲಿಲ್ಲ ಅಂದ ಮಾತ್ರಕ್ಕೆ ಅವರಿಗೆ ಗಾಯ ಆಗಿಲ್ಲ ಅಂತೀರಾ ಅಂತ ಕೇಳಿದೆ. ಉತ್ತರ ಬರ್ಲಿಲ್ಲ, ಅಪಾಯಿಂಟ್‌ಮೆಂಟ್ ಮಾತ್ರ ತಗೊಂಡ್ರು. ಪೆನ್ಷನ್ ಡೌಟಿಗೆ ಸೈನಿಕ ಕಲ್ಯಾಣ ಇಲಾಖೆಗೆ ಕಳಿಸಿದೆ, ಅದು ನನ್ನ ಕೆಲಸ ಅಲ್ಲ.

ಮಗ ಸ್ಟೇಟಸ್ ತೆಗೆದಿದ್ದಾನೆ, ಫ್ರೇಮ್ ಬಗ್ಗೆ ಮಾತ್ರ ಹಠ ಬಿಟ್ಟಿಲ್ಲ. ಅಗ್ನಿವೀರ್ ಭರ್ತಿಗೆ ಹೋಗಿ ಸೆಲೆಕ್ಟ್ ಆಗಿಲ್ಲ ಅಂತ ಹೊರಡೋವಾಗ ಬಾಗಿಲ ಹತ್ರ ನಿಂತು ಹೇಳ್ದ, ಅದೂ ಅಪ್ಪ ಕೆಳಗೆ ಇಳಿದ ಮೇಲೆ. ಮುಂದಿನ ಸಲ ಅವನೊಬ್ಬನನ್ನೇ ಬರೋಕೆ ಹೇಳಿದ್ದೀನಿ.